ಊಟದ ಮೇಜಿನ ಮೇಲೊಂದು ಕೋಟೆದಿಬ್ಬ

ಕಳೆದ ನವೆಂಬರಿನಲ್ಲಿ ಕೆಲವು ದಿನ ನಾವು ಮೂವರೂ ನೆಲದ ಮೇಲೆ ಚಾಪೆ ಹಾಸಿ ಊಟ ಮಾಡಿದೆವು. ಊಟದ ಮೇಜನ್ನು ಮಗಳು ತನ್ನ ಕೋಟೆಗೆಂದು ತೆಗೆದುಕೊಂಡಿದ್ದಳು. ಕುವೈತಿನ ಮೈದಾನ್ ಹವಲ್ಲಿಯ ಆ ಮನೆಯಲ್ಲಿ ಬೇರೆ ಜಾಗ ಇರಲಿಲ್ಲ. ಒಂದು ಮಲಗುವ ಕೋಣೆ, ಒಂದು ಹಾಲ್, ಫ್ರಿಜ್ಜಿನ ಬಾಗಿಲು ತೆರೆದರೆ ಒಲೆಯ ಹತ್ತಿರ ನಿಂತವರು ಹೊಟ್ಟೆ ಒಳಗೆಳೆದುಕೊಳ್ಳಬೇಕಾದ ಅಡುಗೆಮನೆ, ನಮಗಿಂತ ಪಾರಿವಾಳಗಳೇ ಹೆಚ್ಚು ಬಳಸುತ್ತಿದ್ದ ಬಾಲ್ಕನಿ. ಮದುವೆಯಾಗಿ ಬಂದಾಗಿನಿಂದ ನಾನಿದ್ದದ್ದು ಅಲ್ಲೇ.

ಮಗಳಿಗೆ ಹನ್ನೊಂದು ವರ್ಷ. ಅವಳು ಹೋಗುತ್ತಿದ್ದದ್ದು ಇಂಗ್ಲೆಂಡಿನ ಪಾಠಪಟ್ಟಿ ಇರುವ ಶಾಲೆಗೆ. ಇತಿಹಾಸದ ಟೀಚರು ಒಂದು ಕೆಲಸ ಕೊಟ್ಟಿದ್ದರು: ಸಾವಿರ ವರ್ಷದ ಹಿಂದೆ ಅಲ್ಲಿ ಕಟ್ಟುತ್ತಿದ್ದ ಮಣ್ಣಿನ ಕೋಟೆಯ ಮಾದರಿಯನ್ನು ಕ್ರಿಸ್ಮಸ್ ರಜೆಗೆ ಮೊದಲು ಮಾಡಿ ತರಬೇಕು. ಕೋಟೆ ಎಂದರೆ ಕಲ್ಲಿನದು ಎಂದೇ ನಾನು ತಿಳಿದಿದ್ದೆ. ಇದು ಹಾಗಲ್ಲವಂತೆ. ಸುತ್ತ ಕಂದಕ ತೋಡಿ, ತೋಡಿದ ಮಣ್ಣನ್ನೇ ಬುಟ್ಟಿಯಲ್ಲಿ ಹೊತ್ತು ರಾಶಿ ಹಾಕಿ ಕಡಿದಾದ ಒಂದು ದಿಬ್ಬ ಎಬ್ಬಿಸುತ್ತಿದ್ದರು. ದಿಬ್ಬದ ನೆತ್ತಿಯ ಮೇಲೆ ಮರದ ಬುರುಜು. ಬುಡದಲ್ಲಿ ಚೂಪು ಕಂಬಗಳ ಬೇಲಿ ಹಾಕಿದ ಅಂಗಳ. ಅಲ್ಲಿ ಕೊಟ್ಟಿಗೆ, ಕುಲುಮೆ, ಅಡುಗೆಮನೆ. ಶತ್ರು ಬಂದನೆಂದರೆ ಜನ ದನಕರು ಹೊಡೆದುಕೊಂಡು ಅಂಗಳ ಸೇರಬೇಕು. ಅಂಗಳವೂ ಕೈಬಿಟ್ಟಿತೆಂದರೆ ಸೇತುವೆಯ ಹಲಗೆ ಕಿತ್ತು ದಿಬ್ಬದ ಮೇಲಕ್ಕೆ. ಅಲ್ಲಿಂದ ಮುಂದೆ ಹೋಗಲು ಜಾಗವಿಲ್ಲ. ಮಗಳು ಇದನ್ನೆಲ್ಲ ಶಾಲೆಯ ಹಾಳೆ ನೋಡಿ ಇಂಗ್ಲಿಷಿನಲ್ಲಿ ಓದುತ್ತಿದ್ದಳು, ನಾನು ಹಿಟ್ಟು ನಾದುತ್ತ ಕೇಳುತ್ತಿದ್ದೆ.

ಗುಡ್ಡ ಮಾಡುವುದು ನನಗೆ ಬಾರದ ವಿದ್ಯೆಯೇನಲ್ಲ. ಕ್ರಿಸ್ಮಸಿಗೆ ಪ್ರತಿವರ್ಷ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವವಳು ನಾನೇ. ಕಂದು ಕಾಗದವನ್ನು ಮೈದಾ ಗಂಜಿಯಲ್ಲಿ ಅದ್ದಿ, ಮುದುಡಿ, ಬಿಸ್ಕತ್ತಿನ ಖಾಲಿ ಡಬ್ಬಗಳ ಮೇಲೆ ಹೊದಿಸಿದರೆ ಬೆತ್ಲೆಹೇಮಿನ ಗುಡ್ಡ ಸಿದ್ಧ. ಕುಂದಾಪುರದ ಕಡೆ ನಾನು ಓದಿದ ಕಾನ್ವೆಂಟಿನಲ್ಲಿ ಕೈಕೆಲಸ ಕಲಿಸುತ್ತಿದ್ದ ಸಿಸ್ಟರ್ ಗುಡ್ಡದ ಇಳಿಜಾರಿಗೆ ಕೈಯಾಡಿಸಿ ನೋಡುತ್ತಿದ್ದರು. ಕಡಿದಾಗಿದ್ದರೆ ಬಿಚ್ಚಿಸುತ್ತಿದ್ದರು. "ಮುದುಕ ಕುರುಬನೂ ಹತ್ತಿ ಬರಬೇಕು, ಒಂಟೆಯೂ ಹತ್ತಿ ಬರಬೇಕು. ದಾರಿ ಬಿಡಿ ಮಕ್ಕಳೇ, ದಾರಿ ಬಿಡಿ" ಎನ್ನುತ್ತಿದ್ದರು. ಹಾಗಾಗಿ ನಾನು ಗಂಜಿ ಕಾಯಿಸಲು ಪಾತ್ರೆ ಇಟ್ಟೆ.

ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕರು. ಮನೆಯಲ್ಲಿ ನಮ್ಮದು ಕೊಂಕಣಿ. ಅವರ ಮಾತನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಇದು ನಿನ್ನ ಗೋದಲಿಯ ಗುಡ್ಡ ಅಲ್ಲ ಮಾರಾಯ್ತಿ. ನಿನ್ನ ಗುಡ್ಡ ಬರುವವರಿಗೆ. ನಮ್ಮದು ಬರಬಾರದವರಿಗೆ."

"ಅಂದರೆ?"

"ಅಂದರೆ ಒಳಗೆ ಟೊಳ್ಳು ಇರಬಾರದು, ಮೇಲೆ ದಾರಿ ಇರಬಾರದು. ನಿನ್ನ ಬಿಸ್ಕತ್ತಿನ ಡಬ್ಬದ ಮೇಲೆ ಬುರುಜು ಕೂರಿಸಿದರೆ ದೊರೆ ಸೀದಾ ಬಿಸ್ಕತ್ತಿನ ಒಳಗೆ."

ಮಗಳು ಬಿದ್ದು ಬಿದ್ದು ನಕ್ಕಳು. "ಮಮ್ಮೀಸ್ ಕ್ಯಾಸಲ್! ಎನಿಮಿ ಬಂದರೆ ಟೀ ಕೂಡ ಕೊಡ್ತಾಳೆ!" ಅಪ್ಪ ಮಗಳು ಸೇರಿದರೆ ನನ್ನ ಕಾಲೆಳೆಯುವುದು ಮಾಮೂಲು. ನಾನು ಒಲೆ ಆರಿಸಿದೆ.

ಅವರು ಮೀನಾ ಅಲ್ ಅಹ್ಮದಿಯ ತೈಲ ಸಂಸ್ಕರಣೆಯ ಕಡೆ ಟೆಕ್ನಿಷಿಯನ್. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು, ಮಧ್ಯಾಹ್ನ ಕಳೆದು ಅದೇ ಬಸ್ಸಿನಲ್ಲಿ ವಾಪಸು. ಅಲ್ಲಿ ಎಣ್ಣೆಯ ಟ್ಯಾಂಕುಗಳ ಸುತ್ತ ಮಣ್ಣಿನ ಒಡ್ಡು ಹಾಕಿರುತ್ತಾರಂತೆ, ಟ್ಯಾಂಕು ಒಡೆದರೂ ಎಣ್ಣೆ ಹೊರಗೆ ಹರಿಯಬಾರದೆಂದು. ಆ ಒಡ್ಡು ಹಾಕುವುದನ್ನು ಅವರು ನಿಂತು ನೋಡಿದ್ದರು. ಒಂದು ಪದರ ಮಣ್ಣು, ಸ್ವಲ್ಪ ನೀರು, ಬಡಿಯುವುದು, ಬಿಡುವುದು. ಮತ್ತೆ ಒಂದು ಪದರ. "ಅಲ್ಲಿ ಒಳಗಿನದ್ದು ಹೊರಗೆ ಹೋಗಬಾರದು, ಇಲ್ಲಿ ಹೊರಗಿನದ್ದು ಒಳಗೆ ಬರಬಾರದು. ಮಣ್ಣಿಗೆ ಎರಡೂ ಒಂದೇ ಬಾಯೆ" ಎಂದರು. ಬಾಯೆ ಎನ್ನುವುದು ನಮ್ಮಲ್ಲಿ ಹೆಣ್ಣುಮಗುವನ್ನು ಮುದ್ದಿನಿಂದ ಕರೆಯುವ ಮಾತು. ಅವಳ ಹೆಸರನ್ನು ಅವರು ಹೇಳುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ.

ಮಣ್ಣಿನದೇ ಸಮಸ್ಯೆಯಾಯಿತು. ಈ ಊರಿನ ಮರಳು ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಇಳಿದುಹೋಗುತ್ತದೆ. ಗಿಡದ ಅಂಗಡಿಯಿಂದ ತಂದ ಚೀಲದ ಮಣ್ಣು ಹಗುರ, ತೆಂಗಿನ ನಾರಿನ ಹುಡಿಯೇ ಹೆಚ್ಚು. ಅದನ್ನು ಒಳಗಿನ ಪದರಗಳಿಗೆ ಹಾಕಿದರು. ಮೇಲಿನ ಪದರಕ್ಕೆ ಬಾಲ್ಕನಿಯ ಕರಿಬೇವಿನ ಕುಂಡ ನೆನಪಾಯಿತು. ಗಿಡ ಜುಲೈಯ ಬಿಸಿಗೆ ಒಣಗಿ ಕಡ್ಡಿಯಾಗಿತ್ತು, ಆದರೆ ಕುಂಡದಲ್ಲಿದ್ದದ್ದು ನಮ್ಮೂರಿನ ಕೆಂಪು ಮಣ್ಣು. ಯಾವುದೋ ರಜೆಯಲ್ಲಿ ಹಾರ್ಲಿಕ್ಸ್ ಡಬ್ಬಗಳಲ್ಲಿ ತುಂಬಿ, ಸೀರೆಗಳ ನಡುವೆ ಇಟ್ಟು ತಂದದ್ದು. ಅವರು ಕಡ್ಡಿಯನ್ನು ಮೆಲ್ಲಗೆ ಎಳೆದು ತೆಗೆದು, ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದರು. ನನ್ನ ಜರಡಿ! ನಾನು ಬೈದೆ. ಬೈದದ್ದು ಈಗಲೂ ಕಿವಿಯಲ್ಲಿದೆ. ಅವರು ಮೂಗಿನ ಮೇಲೆ ಕೆಂಪು ಧೂಳು ಮೆತ್ತಿಕೊಂಡು ನೋಡಿದ ನೋಟವೂ.

ಅಗಲದ ತಟ್ಟೆಯೊಂದರಲ್ಲಿ ದಿಬ್ಬ ಒಂದು ದೊಡ್ಡ ಕುಕ್ಕರಿನಷ್ಟು ಎತ್ತರ ಎದ್ದಿತು. ಕೆಳಗಿನ ಅಂಗಳಕ್ಕೆ ಬೆಂಕಿಕಡ್ಡಿಯ ಬೇಲಿ. ಕೊಟ್ಟಿಗೆಯನ್ನು ಹೊಸದಾಗಿ ಮಾಡುವ ಸೋಮಾರಿತನಕ್ಕೆ ಮಗಳು ಗೋದಲಿಯ ಪೆಟ್ಟಿಗೆ ತೆರೆದು, ಅದರಲ್ಲಿದ್ದ ಹುಲ್ಲುಮಾಡಿನ ಕೊಟ್ಟಿಗೆಯನ್ನೇ ತಂದಿಟ್ಟಳು. ಕುರಿಗಳೂ ದನವೂ ಅದರಿಂದಲೇ. ಯೇಸುಬಾಲನ ದನ ಒಂದು ತಿಂಗಳು ಮೊದಲೇ ಇಂಗ್ಲೆಂಡಿನ ದೊರೆಯ ಚಾಕರಿಗೆ ನಿಂತಿತು.

ಹಸಿ ಮಣ್ಣನ್ನು ತಟ್ಟುತ್ತಿದ್ದಾಗ ಮಗಳು ಕೇಳಿದಳು, "ಪಪ್ಪ, ಈ ಹಿಲ್ ಮಾಡಿದವರ ನೇಮ್ಸ್ ಎಲ್ಲಾದರೂ ಇದೆಯಾ?"

"ದೊರೆಯದು ಇರಬಹುದು. ಬುಟ್ಟಿ ಹೊತ್ತವರದ್ದು ಯಾರು ಬರೀತಾರೆ?"

"ದಟ್ಸ್ ನಾಟ್ ಫೇರ್."

"ಹಾಗಾದರೆ ನಾವು ಸಹಿ ಹಾಕುವ" ಎಂದು ಅವರು ಹೆಬ್ಬೆರಳನ್ನು ದಿಬ್ಬದ ಮುಂಭಾಗಕ್ಕೆ ಒತ್ತಿದರು. ಪಕ್ಕದಲ್ಲಿ ಮಗಳು ತನ್ನದನ್ನು ಒತ್ತಿದಳು. ಅವರ ಬಲ ಹೆಬ್ಬೆರಳಿಗೆ ಅಡ್ಡ ಒಂದು ಗಾಯದ ಗೆರೆ ಇತ್ತು, ಹಳೆಯದು, ಯಾವುದೋ ವಾಲ್ವು ಬಿಗಿಯುವಾಗ ಆದದ್ದು. ಆ ಗೆರೆ ಮಣ್ಣಿನಲ್ಲಿ ಸ್ಪಷ್ಟವಾಗಿ ಮೂಡಿತು. ಉಗುರಿನ ಅಂಚಿನ ಅರ್ಧಚಂದ್ರ ಕೂಡ. ನಾನೂ ಒತ್ತಬೇಕೆಂದು ಮಗಳು ಕರೆದಳು. ಕೈಯಲ್ಲಿ ಮೀನಿನ ಮಸಾಲೆ ಇದೆ, ಆಮೇಲೆ ಎಂದೆ.

ಐಸ್‌ಕ್ರೀಮ್ ಕಡ್ಡಿಗಳಿಂದ ಕಟ್ಟಿದ ಬುರುಜು ಫ್ರಿಜ್ಜಿನ ಮೇಲೆ ಅಂಟು ಒಣಗಲು ಕಾಯುತ್ತಿತ್ತು. ಮಗಳಿಗೆ ಅದನ್ನು ಆಗಲೇ ದಿಬ್ಬದ ಮೇಲೆ ಇಡುವ ಆತುರ. ಅವರು ಬಿಡಲಿಲ್ಲ.

"ಮಣ್ಣು ಕೂರಬೇಕು ಬಾಯೆ. ಹೊಸ ಮಣ್ಣಿನ ಮೇಲೆ ಭಾರ ಇಟ್ಟರೆ ವಾಲ್ತದೆ. ಆ ಕಾಲದವರೂ ಹಾಗೇ. ಮೊದಲು ಮರದ್ದು, ದಿಬ್ಬ ಗಟ್ಟಿಯಾದ ಮೇಲೆ ಕಲ್ಲಿನದ್ದು. ಬರುವ ಶುಕ್ರವಾರ ಇಡುವ."

ಶುಕ್ರವಾರ ಇಲ್ಲಿ ರಜೆ, ನಮಗೆ ಚರ್ಚಿನ ಪೂಜೆಯ ದಿನವೂ ಅದೇ. ಅವರು ದಿಬ್ಬ ಬಿರುಕು ಬಿಡದಂತೆ ನನ್ನ ಹಳೆಯ ಹತ್ತಿಯ ದುಪಟ್ಟಾ ಒದ್ದೆ ಮಾಡಿ, ಹಿಂಡಿ, ಮೇಲೆ ಹೊದಿಸಿದರು.

ಆ ಬುಧವಾರ ಕಂಪನಿಯ ಬಸ್ಸು ನಮ್ಮ ಬೀದಿಯ ತಿರುವಿಗೆ ಬಂದು ನಿಂತಿತು. ಕಿಟಕಿಗೆ ತಲೆ ಒರಗಿಸಿ ಕೂತಿದ್ದ ಅವರು ಏಳಲಿಲ್ಲ. ಬಸ್ಸಿನಲ್ಲಿದ್ದವರು ನಿದ್ದೆ ಎಂದುಕೊಂಡರಂತೆ. ದಿನವೂ ನಿದ್ದೆ ಮಾಡುವವರೇ. "ಯಲ್ಲಾ ಭಾಯಿ, ಘರ್ ಆ ಗಯಾ" ಏಳು, ಮನೆ ಬಂತು ಎಂದು ಡ್ರೈವರ್ ಎರಡು ಸಲ ಕರೆದನಂತೆ. ಆಮೇಲೆ ಎದ್ದು ಬಂದು ಭುಜ ಮುಟ್ಟಿದ. ಹೃದಯ ನಿಂತು ಎಷ್ಟು ಹೊತ್ತಾಗಿತ್ತೋ, ಯಾವ ಸಿಗ್ನಲ್ಲಿನ ಹತ್ತಿರ ಹೋಯಿತೋ, ಯಾರಿಗೂ ಗೊತ್ತಾಗಲಿಲ್ಲ. ಊಟದ ಡಬ್ಬ ಮಡಿಲಲ್ಲೇ ಇತ್ತು. ಡ್ರೈವರ್ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು ನನಗೆ ಕೊಟ್ಟ. ಅವರು ಉಂಡು, ತೊಳೆದು, ಒರೆಸಿ ಮುಚ್ಚಿದ್ದ ಡಬ್ಬ.

ದೇಹವನ್ನು ಊರಿಗೆ ಕೊಂಡುಹೋಗುವ ಓಡಾಟವನ್ನೆಲ್ಲ ಅವರ ಜೊತೆ ಕೆಲಸ ಮಾಡುವವರು ಮಾಡಿದರು. ನಾನು ಸಹಿ ಹಾಕಿದೆ, ಹೊರಟೆ. ಮೇಜಿನ ಮೇಲೆ ದುಪಟ್ಟಾದ ಅಡಿ ಏನಿದೆ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ಮನೆಯ ಕೀಲಿಯನ್ನು ಎದುರು ಮನೆಯ ಅಕ್ಕನ ಕೈಗೆ ಕೊಟ್ಟಿದ್ದೆ.

ಊರಿನ ಚರ್ಚಿನ ಹಿಂದೆ ಅವರನ್ನು ಮಣ್ಣು ಮಾಡಿದೆವು. ಗುಂಡಿ ತುಂಬಿದ ಮೇಲೆ ಉಳಿದ ಕೆಂಪು ಮಣ್ಣನ್ನು ಉದ್ದಕ್ಕೆ ಏರಿಸಿ, ಗುದ್ದಲಿಯ ಬೆನ್ನಿನಿಂದ ತಟ್ಟಿದರು. ಮೇಲೆ ಹಾಕುವ ಕಲ್ಲಿನ ಮಾತು ಬಂದಾಗ ಗಂಡನ ಅಣ್ಣ ಅಂದರು, "ಈಗ ಬೇಡ. ಮಣ್ಣು ಕೂರಬೇಕು. ಒಂದು ಮಳೆಗಾಲ ಹೋಗಲಿ." ಪಕ್ಕದಲ್ಲಿ ನಿಂತಿದ್ದ ಮಗಳು ತಟ್ಟನೆ ತಲೆ ಎತ್ತಿ ದೊಡ್ಡಪ್ಪನ ಮುಖ ನೋಡಿದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ. ಆಗಲೂ ಅಳಲಿಲ್ಲ. ನನ್ನ ಸೆರಗು ಎಳೆದು ಕಿವಿಯಲ್ಲಿ ಕೇಳಿದಳು.

"ಮಮ್ಮಿ, ಪಪ್ಪಾಸ್ ಥಂಬ್ ಈಸ್ ಸ್ಟಿಲ್ ದೇರ್, ನೋ? ಹಿಲ್ ಮೇಲೆ?"

"ಇದೆ ಬಾಯೆ. ಇರ್ತದೆ."

ಮುಂದಿನ ವಾರಗಳಲ್ಲಿ ಊರಿನ ಮನೆಯಲ್ಲಿ ಅವಳು ಬೇರೆ ಏನನ್ನೂ ಕೇಳಲಿಲ್ಲ. ಬಂದವರು ತಲೆ ಸವರಿದರೆ ಸವರಿಸಿಕೊಳ್ಳುವಳು, ತಿನ್ನು ಎಂದರೆ ತಿನ್ನುವಳು. ರಾತ್ರಿಯ ಜಪ ಮುಗಿದ ಮೇಲೆ ನನ್ನ ಪಕ್ಕ ಮಲಗಿ ತನ್ನ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿ, ಎತ್ತಿ ನೋಡುವಳು. ಅವಳಿಗೆ ಕುವೈತಿಗೆ ವಾಪಸು ಹೋಗಿ ಆ ಗುರುತನ್ನು ನೋಡಬೇಕಿತ್ತು. ಅದೊಂದೇ ಅವಳನ್ನು ನಿಲ್ಲಿಸಿಕೊಂಡಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಹೋಗಲೇಬೇಕಿತ್ತು ಕೂಡ. ನಮ್ಮಿಬ್ಬರ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಅವರ ಕೆಲಸಕ್ಕೆ ಜೋಡಿಸಿದ್ದು. ಅವರಿಲ್ಲದ ಮೇಲೆ ನಾವೂ ಖಲಾಸ್. ಅದು ರದ್ದಾಗುವ ಮೊದಲು ಮನೆ ಖಾಲಿ ಮಾಡಿ, ಮಗಳ ಶಾಲೆಯಿಂದ ಟಿ.ಸಿ. ತೆಗೆದುಕೊಂಡು ಹೊರಡಬೇಕು.

ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಬರುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಒಮ್ಮೆ ಚಿಕ್ಕವಳಿದ್ದಾಗ ಸಿಟಿಗೆ ಹೋಗುವಾಗ ಅವರು ಅವಳಿಗೆ ಹಳೆಯ ಕೋಟೆಬಾಗಿಲೊಂದನ್ನು ತೋರಿಸಿದ್ದರು. ಹಿಂದೆ ಈ ಊರಿನ ಜನರೂ ಶತ್ರುವಿಗೆ ಹೆದರಿ ಊರ ಸುತ್ತ ತಾವೇ ಮಣ್ಣಿನ ಗೋಡೆ ಎಬ್ಬಿಸಿದ್ದರಂತೆ. ಈಗ ಗೋಡೆ ಇಲ್ಲ, ಬಾಗಿಲುಗಳಷ್ಟೇ ಹುಲ್ಲಿನ ನಡುವೆ ನಿಂತಿವೆ. "ಪಕ್ಕದಿಂದ ಹೋಗಬಹುದಲ್ಲ ಪಪ್ಪ, ಡೋರ್ ಯಾಕೆ?" ಎಂದು ಅವಳು ಆಗ ಕೇಳಿದ್ದಳು. ಅವರು ವಾರಗಟ್ಟಲೆ ಆ ಮಾತನ್ನು ಸಿಕ್ಕಿದವರಿಗೆಲ್ಲ ಹೇಳಿ ನಕ್ಕಿದ್ದರು.

ಎದುರು ಮನೆಯ ಅಕ್ಕನ ಬಗ್ಗೆ ಇಲ್ಲಿ ಹೇಳಬೇಕು. ಉಡುಪಿ ಕಡೆಯವರು, ತುಳು ಮಾತನಾಡುವ ಹಿಂದೂಗಳು; ಅವರ ಗಂಡ ಹೋಟೆಲೊಂದರಲ್ಲಿ ಲೆಕ್ಕ ನೋಡುತ್ತಾರೆ. ನನ್ನ ತುಳು ಅರೆಬರೆ, ಅವರಿಗೆ ಕೊಂಕಣಿ ಬಾರದು, ಹಾಗಾಗಿ ನಮ್ಮ ನಡುವೆ ಕನ್ನಡ. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಕರೆಯುವಂತೆ ನನ್ನನ್ನು "ಬಾಯಮ್ಮ" ಎಂದೇ ಕರೆಯುವುದು. ನಮ್ಮ ಗೋದಲಿಯಲ್ಲಿ ಅವರಿಗೊಂದು ಪಾಲು ಇತ್ತು. ಗುಡ್ಡ ನನ್ನದು, ಹುಲ್ಲು ಅವರದು. ಡಿಸೆಂಬರ್ ಹತ್ತಿರವಾದಂತೆ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತಟ್ಟೆಯಲ್ಲಿ ಬೆಳೆಸಿ ಹಸಿರು ಪೈರು ತರುತ್ತಿದ್ದರು. ಕುರಿಗಳ ಸುತ್ತ ಇಡುವುದು ಅದನ್ನೇ. "ನಿಮ್ಮ ದೇವರ ಕುರಿಗಳು ನನ್ನ ರಾಗಿ ತಿಂದೇ ಇಷ್ಟು ದಪ್ಪ ಆದದ್ದು ಬಾಯಮ್ಮ" ಎಂಬ ತಮಾಷೆ ಪ್ರತಿವರ್ಷ ಇದ್ದದ್ದೇ.

ಲಿಫ್ಟಿನ ಸದ್ದಿಗೇ ಅವರು ಬಾಗಿಲು ತೆರೆದು ನಿಂತಿದ್ದರು. ನನ್ನನ್ನು ಅಪ್ಪಿಕೊಂಡರು. ಇಬ್ಬರೂ ಅತ್ತೆವು. ಆಮೇಲೆ ಮೂಗು ಒರೆಸಿಕೊಂಡು, ಮಗಳ ಗಲ್ಲ ಹಿಡಿದು, "ಒಳಗೆ ಹೋಗಿ ನೋಡು ಮಗಾ. ನಿನಗೊಂದು ಉಂಟು" ಎಂದರು. ಕೀಲಿ ತಿರುಗಿಸಿದ್ದೂ ಅವರೇ.

ಮೇಜಿನ ಮೇಲೆ ದಿಬ್ಬ ಹಸಿರಾಗಿ ನಿಂತಿತ್ತು.

ಬುಡದಿಂದ ನೆತ್ತಿಯವರೆಗೆ ಬೆರಳುದ್ದದ ರಾಗಿ ಪೈರು, ಒತ್ತೊತ್ತಾಗಿ, ಬಾಲ್ಕನಿಯ ಬೆಳಕಿನ ಕಡೆ ಬಾಗಿ. ಕುರಿಗಳನ್ನು ಒರೆಸಿ ಇಳಿಜಾರಿನಲ್ಲಿ ಸಾಲಾಗಿ ಇಟ್ಟಿದ್ದರು. ಬೆಂಕಿಕಡ್ಡಿಯ ಬೇಲಿ ಅಲ್ಲಲ್ಲಿ ನೆನೆದು ಬಿದ್ದಿತ್ತು. ಕೊಟ್ಟಿಗೆಯ ಮುಂದೆ ಬೆಳ್ಳಿಕಾಗದದ ಸಣ್ಣ ನಕ್ಷತ್ರ. ತಟ್ಟೆಯ ಅಂಚಿನಲ್ಲಿ ಕೆಂಪು ನೀರು ಇಳಿದು ಒಣಗಿದ ಗೆರೆ.

"ಗೋದಲಿ ಅರ್ಧ ಮಾಡಿ ಹೋಗಿದ್ರಿ ಅಲ್ವಾ" ಅಕ್ಕ ಮೆಲ್ಲಗೆ ಹೇಳುತ್ತಿದ್ದರು. "ನಾನು ಬಟ್ಟೆ ತೆಗೆದು ನೋಡಿದೆ, ಕೊಟ್ಟಿಗೆ ಉಂಟು, ಕುರಿ ಉಂಟು. ಅಯ್ಯೋ, ಅವರು ಮಗಳಿಗೆ ಅಂತ ಶುರು ಮಾಡಿದ್ದು, ನಿಲ್ಲಬಾರದು ಅಂತ ಕಂಡಿತು. ದಿನಾ ಬಂದು ನೀರು ಚಿಮುಕಿಸಿದೆ. ಮಗುವನ್ನು ಇಡ್ಲಿಲ್ಲ ನೋಡಿ. ಅದು ಇಪ್ಪತ್ತನಾಲ್ಕಕ್ಕೆ ಇಡುದಲ್ವಾ, ನನಗೆ ಗೊತ್ತುಂಟು."

ಸಾವಾದ ಮನೆಯಲ್ಲಿ ಆ ವರ್ಷ ನಾವು ಗೋದಲಿ ಕಟ್ಟುವುದಿಲ್ಲ, ನಕ್ಷತ್ರ ತೂಗುವುದಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಸಾವು ಆಗಿರಲಿಲ್ಲ, ಗೊತ್ತಾಗುವುದು ಹೇಗೆ?

ಮಗಳು ಮೇಜಿನ ಹತ್ತಿರ ಹೋದಳು. ದಿಬ್ಬದ ಮುಂಭಾಗದಲ್ಲಿ, ಎರಡು ಗುರುತು ಇದ್ದ ಜಾಗದಲ್ಲಿ, ಪೈರನ್ನು ಎರಡು ಕೈಯಿಂದ ಕೂದಲು ಬಿಡಿಸುವಂತೆ ಬಿಡಿಸಿದಳು. ಮಣ್ಣು ನುಣ್ಣಗಿತ್ತು, ಮೆತ್ತಗಿತ್ತು, ತುಂಬೆಲ್ಲ ಬಿಳಿಯ ಬೇರು. ಅವಳು ಬಾಗಿ ನೋಡಿದಳು, ಈ ಕಡೆಯಿಂದ, ಆ ಕಡೆಯಿಂದ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಟ್ಟಿನಲ್ಲಿ ಬಡಿಯಲಿಲ್ಲ. ಶಾಲೆಯಲ್ಲಿ ಕಲಿಸಿದ ಹಾಗೆ ಹಿಡಿ ತಿರುಗಿಸಿ, ಸದ್ದಾಗದಂತೆ ಮುಚ್ಚಿದಳು.

"ಎಂತ ಆಯ್ತು? ಅವಳಿಗೆ ಇಷ್ಟ ಆಗ್ಲಿಲ್ವಾ?" ಅಕ್ಕನ ಮುಖ ಇಳಿಯಿತು.

ನಾನು ಹೇಳಬಾರದೆಂದುಕೊಂಡೆ. ಆದರೆ ಆ ಮುಚ್ಚಿದ ಬಾಗಿಲಿನ ಮುಂದೆ ಸುಳ್ಳು ಹೊರಡಲಿಲ್ಲ. ಕೋಟೆ ಎಂದೆ, ಶಾಲೆಯದು ಎಂದೆ, ಹೆಬ್ಬೆರಳು ಎಂದೆ. ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನನ್ನ ಕೈಗೆ ಎಂತ ಬಂದಿತ್ತು ಬಾಯಮ್ಮ! ಇದ್ದದ್ದೊಂದು ಗುರುತು, ಅದನ್ನೂ ನೀರು ಹಾಕಿ ತೊಳೆದುಬಿಟ್ಟೆನಲ್ಲ. ನಾನೆಂತ ಮಾಡಿದೆ!"

"ಅಕ್ಕ, ಬೇಡ. ನೀವು ಬೇಕೆಂದು ಮಾಡಿದ್ದಾ?"

"ಬೇಕೆಂದೇ ಮಾಡಿದ್ದು ಮಾರಾಯ್ತಿ, ದಿನಾ ಬೆಳಿಗ್ಗೆ ಮಿಂದು ಬಂದು ಮಾಡಿದ್ದು. ಅದೇ ಅಲ್ವಾ ಸಂಕಟ."

ನಾನು ಅವರ ಬೆನ್ನು ಸವರಿದೆ. ನಮ್ಮ ಮನೆಯಲ್ಲಿ ಸಾವಾದದ್ದು, ಸಮಾಧಾನ ಹೇಳುತ್ತಿದ್ದವಳೂ ನಾನೇ. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಯಾರನ್ನಾದರೂ ಸಮಾಧಾನ ಮಾಡುತ್ತಿರುವಷ್ಟು ಹೊತ್ತು ಕೈಗೊಂದು ಕೆಲಸ ಇರುತ್ತದೆ. ಅಕ್ಕ ಹೋದ ಮೇಲೆ ಕೋಣೆಯ ಬಾಗಿಲಿನ ಹೊರಗೆ ನೆಲದ ಮೇಲೆ ಕೂತೆ. ಒಳಗೆ ಅವಳು ಅಳುತ್ತಿದ್ದಳು, ಅವಳ ಪಪ್ಪ ಹೋದ ಮೇಲೆ ಮೊದಲ ಸಲ. ದಿಂಬಿಗೆ ಬಾಯಿ ಒತ್ತಿ ಅಳುವ ಸದ್ದು. ಕರೆದೆ. ತೆರೆಯಲಿಲ್ಲ. ಎಂದಾದರೂ ಅತ್ತುಬಿಡಲಿ ಎಂದು ನಾನು ಬೇಡಿಕೊಂಡದ್ದುಂಟು. ಬಾಗಿಲಿನ ಈಚೆ ಕೂತು ಕೇಳುವಾಗ ಮಾತ್ರ ಆ ಬೇಡಿಕೆಯನ್ನು ವಾಪಸು ತೆಗೆದುಕೊಳ್ಳಬೇಕು ಅನಿಸಿತು.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅವಳು ಮೇಜಿನ ಹತ್ತಿರ ಉಗುರು ಕತ್ತರಿಸುವ ಸಣ್ಣ ಕತ್ತರಿ ಹಿಡಿದು ನಿಂತಿದ್ದಳು. ಪೈರನ್ನು ಬುಡಕ್ಕೆ ಸರಿಯಾಗಿ ಕತ್ತರಿಸುತ್ತ ಸುತ್ತ ಬರುತ್ತಿದ್ದಳು. ನಾನು ಚಹಾಕ್ಕೆ ನೀರಿಟ್ಟೆ.

"ಹಿಲ್ ಮೇಲೆ ಗ್ರಾಸ್ ಇದ್ದರೆ ಎನಿಮಿ ಹಿಡಿದು ಹತ್ತುತ್ತಾನೆ. ಬೇರ್ ಆಗಿ ಇರಬೇಕು" ಎಂದಳು, ನನಗೋ ಅಥವಾ ಯಾರಿಗೋ.

"ಹೌದಾ?"

"ಪಪ್ಪ ಹೇಳಿದ್ದು."

ಅವರು ಹಾಗೆ ಹೇಳಿದ್ದು ನಾನು ಕೇಳಿರಲಿಲ್ಲ. ಹೇಳಿರಬಹುದು. ನಾನು ಅಡುಗೆಮನೆಯಲ್ಲಿರುವಾಗ ಅವರಿಬ್ಬರ ನಡುವೆ ಎಷ್ಟು ಮಾತು ಆಗಿ ಹೋಯಿತೋ, ಅದೆಲ್ಲ ಈಗ ಅವಳೊಬ್ಬಳಲ್ಲಿದೆ.

ಮುಂದಿನ ದಿನಗಳು ಪೆಟ್ಟಿಗೆ ಕಟ್ಟುವುದರಲ್ಲಿ ಕಳೆದವು. ಜಮಿಯಾದಿಂದ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯಿಂದ, ಖಾಲಿ ರಟ್ಟಿನ ಪೆಟ್ಟಿಗೆ ತಂದೆವು. ಅವರ ಅಂಗಿಗಳನ್ನು ಮಡಚುವಾಗ ಒಂದರ ಜೇಬಿನಲ್ಲಿ ಐಸ್‌ಕ್ರೀಮ್ ಕಡ್ಡಿಗಳು ಸಿಕ್ಕವು, ತೊಳೆದು ಒಣಗಿಸಿದವು. ಕ್ಯಾಂಟೀನಿನಲ್ಲಿ ಯಾರೋ ತಿಂದು ಬಿಟ್ಟದ್ದನ್ನು ಕೇಳಿ ಜಮಾಯಿಸಿರಬೇಕು. ಟೀಚರು ಫೋನ್ ಮಾಡಿ, ಕೋಟೆ ತರಬೇಕಿಲ್ಲ, ಮಗು ಹಾಗೆಯೇ ಬರಲಿ ಎಂದಿದ್ದರು. ಆದರೂ ಮಗಳು ದಿಬ್ಬದ ತಟ್ಟೆಯನ್ನು ದಿನವೂ ಬಿಸಿಲು ಬೀಳುವ ಕಿಟಕಿಗೆ ಸರಿಸುತ್ತಿದ್ದಳು, ಬಿಸಿಲಿನ ಜೊತೆ ತಟ್ಟೆಯೂ ತಿರುಗುತ್ತಿತ್ತು. ಮೇಲ್ಮೈ ಒಣಗಿ ಬಣ್ಣ ತಿಳಿಯಾಯಿತು. ಕತ್ತರಿಸಿದ ಪೈರಿನ ಕೂಳೆಗಳು ಗಡ್ಡ ಬೋಳಿಸಿ ಎರಡು ದಿನವಾದ ಕೆನ್ನೆಯಂತೆ ಕಾಣುತ್ತಿದ್ದವು. ಬೆರಳಾಡಿಸಿದರೆ ಅದೇ ಒರಟು. ನಾನು ಎರಡನೆಯ ಸಲ ಬೆರಳಾಡಿಸಲಿಲ್ಲ.

ಹೊರಡುವ ಮುಂಚಿನ ದಿನ ಶುಕ್ರವಾರ. ಪೂಜೆ ಮುಗಿಸಿ ಬಂದ ಮೇಲೆ ಅವಳು ಕುರ್ಚಿಯ ಮೇಲೆ ಹತ್ತಿ, ಫ್ರಿಜ್ಜಿನ ಮೇಲಿಂದ ಬುರುಜನ್ನು ಇಳಿಸಿದಳು. ಧೂಳು ಊದಿದಳು. ದಿಬ್ಬದ ನೆತ್ತಿಯ ಮೇಲೆ ಎರಡು ಕೈಯಲ್ಲಿ ಇಟ್ಟು, ಕೈ ಬಿಟ್ಟಳು.

ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿತು. ಮೇಲೆ ಒಣಗಿದ್ದರೂ ಒಳಗೆ ಅಷ್ಟು ದಿನದ ನೀರು ಇನ್ನೂ ಇತ್ತು. ಬೀಳಲಿಲ್ಲ, ಬೀಳುವ ಮೊದಲೇ ಅವಳು ಹಿಡಿದಳು.

"ಇನ್ನೂ ಮಣ್ಣು ಕೂತಿಲ್ಲ" ಎಂದಳು. ಇಂಗ್ಲಿಷಿನಲ್ಲಲ್ಲ, ಅವರು ಆಡುತ್ತಿದ್ದ ಕೊಂಕಣಿಯಲ್ಲಿ, ಅವರದೇ ರಾಗದಲ್ಲಿ.

ದಿಬ್ಬವನ್ನು ಊರಿಗೆ ಕೊಂಡುಹೋಗುವ ಹಾಗಿರಲಿಲ್ಲ. ಎತ್ತಿದರೆ ನನ್ನ ಕೈಗೂ ಭಾರ, ವಿಮಾನದಲ್ಲಿ ಒಡೆದು ಪುಡಿಯಾಗುವುದು ಖಂಡಿತ. ಒಡೆದು, ಮೇಲಿನ ಕೆಂಪು ಮಣ್ಣನ್ನಷ್ಟೇ ಡಬ್ಬಿಗೆ ತುಂಬಿಕೊಳ್ಳೋಣ, ಅದು ನಮ್ಮೂರಿನದೇ ಎಂದೆ. ಪಪ್ಪನ ಹತ್ತಿರ ಹಾಕಬಹುದು ಎಂದೂ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ನೋ. ಪಪ್ಪ ಇನ್‌ಸೈಡ್ ಕೂಡ ಕೈಯಲ್ಲೇ ತಟ್ಟಿದ್ದು. ಡೋಂಟ್ ಬ್ರೇಕ್."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಪದರ ಪದರಕ್ಕೂ ಅವರ ಅಂಗೈ ಬಿದ್ದಿತ್ತು. ನೋಡಬೇಕೆಂದರೆ ಒಡೆಯಬೇಕು, ಒಡೆದರೆ ಉಳಿಯುವುದಿಲ್ಲ. ಅವಳು ಅಷ್ಟನ್ನೂ ಒಬ್ಬಳೇ ಲೆಕ್ಕ ಹಾಕಿ ಮುಗಿಸಿದ್ದಳು.

ಶನಿವಾರ ಬೆಳಿಗ್ಗೆ ಅವಳೇ ಹೋಗಿ ಎದುರು ಮನೆಯ ಗಂಟೆ ಒತ್ತಿದಳು. ಬಂದ ದಿನದಿಂದ ಅಕ್ಕ ನಮ್ಮ ಹೊಸ್ತಿಲು ತುಳಿದಿರಲಿಲ್ಲ; ತಿಂಡಿ ಮಾಡಿದರೆ ಮುಚ್ಚಿದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು ಗಂಟೆ ಒತ್ತಿ ಹೋಗುತ್ತಿದ್ದರು. ನಾವಿಬ್ಬರೂ ಸೇರಿ ದಿಬ್ಬದ ತಟ್ಟೆಯನ್ನು ಎತ್ತಿ, ಅವರ ಮನೆಯೊಳಗೆ, ಟಿ.ವಿ. ಪಕ್ಕದ ಸಣ್ಣ ಮೇಜಿನ ಮೇಲೆ ಇಟ್ಟೆವು. ಕುರಿಗಳನ್ನು ಅವಳು ತೆಗೆದುಕೊಂಡಿದ್ದಳು. ದನವನ್ನು ಅಲ್ಲೇ ಬಿಟ್ಟಳು.

ಅಕ್ಕ ಬಾಯಿಗೆ ಸೆರಗು ಒತ್ತಿ ನಿಂತಿದ್ದರು. ಮಗಳು ಅವರನ್ನು ನೋಡಿದಳು. ಅವಳ ಕನ್ನಡ ಹೆಜ್ಜೆ ಹೆಜ್ಜೆಗೆ ನಿಲ್ಲುವ ಕನ್ನಡ.

"ಆಂಟಿ, ನೀರು ಹಾಕಬೇಡಿ."

"ಇಲ್ಲ ಮಗಾ."

"ಸ್ವಲ್ಪ ಕೂಡ ಬೇಡ."

"ಒಂದು ತೊಟ್ಟೂ ಹಾಕುದಿಲ್ಲ ಮಗಾ. ಒರೆಸುದೂ ಇಲ್ಲ. ನಾನು ಮುಟ್ಟುದೇ ಇಲ್ಲ."

ಮಗಳು ಬುಡದಲ್ಲಿದ್ದ ದನವನ್ನು ನೆಟ್ಟಗೆ ನಿಲ್ಲಿಸಿದಳು. "ಮುಟ್ಟಬಹುದು" ಎಂದಳು.

ವಿಮಾನ ನಿಲ್ದಾಣದಲ್ಲಿ ಕೈಚೀಲ ಪರೀಕ್ಷಿಸುವ ಕಡೆ ಎಲ್ಲವನ್ನೂ ಬೆಲ್ಟಿನ ಮೇಲೆ ಇಡಬೇಕಿತ್ತು. ಬುರುಜನ್ನು ಅವಳು ಇಡಲಿಲ್ಲ. ಸರತಿಯಲ್ಲಿ ಹಿಂದಿನವರು ಗೊಣಗತೊಡಗಿದರು. ಕಪ್ಪು ಅಬಾಯಾ ತೊಟ್ಟ ಅಧಿಕಾರಿ ಹೆಂಗಸು ಬಂದು ಬಾಗಿ ನೋಡಿದಳು. ಐಸ್‌ಕ್ರೀಮ್ ಕಡ್ಡಿಯ ಗೋಡೆ, ನಾಲ್ಕು ಕಿಂಡಿ, ಮೇಲೆ ಬೆಂಕಿಕಡ್ಡಿಗೆ ಅಂಟಿಸಿದ ಕಾಗದದ ಬಾವುಟ.

"ವಾಟ್ ಈಸ್ ದಿಸ್, ಹಬೀಬ್ತಿ?" ಎಂದು ಮುದ್ದಿನಿಂದ ಕೇಳಿದಳು.

"ಕ್ಯಾಸಲ್."

ಆಕೆ ನಕ್ಕಳು. ಅದನ್ನು ಕೇಳಿ ತೆಗೆದುಕೊಳ್ಳದೆ, ಮಗಳ ಕೈಯಲ್ಲಿರುವಾಗಲೇ ಒಳಗೆ ಇಣುಕಿ, ಒಂದು ಬೆರಳಿನಿಂದ ಬಾವುಟ ಮುಟ್ಟಿ, "ಯಲ್ಲಾ, ಯಲ್ಲಾ" ಎಂದು ಮುಂದಕ್ಕೆ ಬಿಟ್ಟಳು.

ಮಂಗಳೂರು ಮುಟ್ಟುವವರೆಗೂ ಅವಳು ಅದನ್ನು ಎಲ್ಲೂ ಇಡಲಿಲ್ಲ. ಊಟದ ತಟ್ಟೆ ಬಂದಾಗ ಬೇಡವೆಂದಳು. ನಿದ್ದೆ ತೂಗಿದಾಗ ನಾನು ತೆಗೆದುಕೊಳ್ಳಲು ಕೈ ಚಾಚಿದೆ. ಬೆರಳುಗಳು ಇನ್ನಷ್ಟು ಬಿಗಿದವು. ಮಡಿಲಿಗೂ ತಾಗಿಸದೆ, ಎರಡು ಅಂಗೈಗಳ ಮೇಲೆ ವಾಲದಂತೆ ನೇರವಾಗಿ ಹಿಡಿದುಕೊಂಡೇ ಅವಳು ನಿದ್ದೆ ಹೋದಳು.